ಪಟ್ಣದ ತೊಲೆ, ಊಟಿ ಚರ್ಚು

ಊಟಿ ನೋಡದೇ ಇರೋರು ನಮ್ಮ ಕಡೆ ಕಮ್ಮಿ. ಮದುವೆಯಾದ ಹೊಸದರಲ್ಲಿ ಒಂದ್ಸಲ, ಮಕ್ಕಳ ಸ್ಕೂಲ್ ಟ್ರಿಪ್ಪಿಗೆ ಒಂದ್ಸಲ, ಬೇಸಿಗೇಲಿ ನೆಂಟರು ಬಂದಾಗ ಕಾರು ಮಾಡ್ಕೊಂಡು ಇನ್ನೊಂದ್ಸಲ. ಹೂವಿನ ತೋಟ, ಬೋಟ್ ಹೌಸು, ದೊಡ್ಡಬೆಟ್ಟ, ಪುಟಾಣಿ ರೈಲು, ಚಾಕೊಲೇಟು, ವರ್ಕಿ, ಬರೋವಾಗ ಮಂಡಿನೋವಿಗೆ ಅಂತ ಒಂದು ಶೀಸೆ ನೀಲಗಿರಿ ಎಣ್ಣೆ. ನಮ್ಮ ಪಟ್ಟಿ ಅಲ್ಲಿಗೆ ಮುಗೀತದೆ. ಮೈಸೂರಿಗೆ ವಾಪಸ್ ಬರೋ ರಸ್ತೇಲೇ ಒಂದು ಹಳೇ ಚರ್ಚು ನಿಂತಿದೆ. ಯಾರೂ ಗಾಡಿ ನಿಲ್ಲಿಸೋದಿಲ್ಲ. ಅದರೊಳಗಿನ ದೊಡ್ಡ ತೊಲೆ ನಮ್ಮ ಶ್ರೀರಂಗಪಟ್ಣದ್ದು, ಟಿಪ್ಪು ಸುಲ್ತಾನನ ಅರಮನೇದು ಕಣ್ರಕ್ಕ.

ಮನೆ ಕೆಡವಿದ ಮರ ಯಾರ ಮನೆ ಸೇರ್ತು ಅನ್ನೋದು ನಮ್ಮಂಥೋರಿಗೆ ಗೊತ್ತಿರೋ ವಿಷಯ. ತೊಟ್ಟಿ ಮನೆ ಭಾಗವಾದಾಗ ಕಂಬ ಒಬ್ಬರಿಗೆ, ಬಾಗಿಲುವಾಡ ಒಬ್ಬರಿಗೆ, ಜಂತೆ ತೊಲೆ ಎಲ್ಲ ಮರದ ವ್ಯಾಪಾರಿಗೆ. ಅರಮನೆಗೂ ಹಂಗೇ ಆಯ್ತು. ಅದ್ಕೇ ಈ ಚರ್ಚಿನ ಚರಿತ್ರೇನ ಒಂದು ಮನೆ ಮರದ ಕಥೆ ಹಾಗೆ ಬರೆದರೆ ನಿಮಗೆ ಹಿಡಿಸಬಹುದು ಅಂದ್ಕೊಂಡೆ.

ಚರ್ಚಿನ ಹೆಸರು ಸೇಂಟ್ ಸ್ಟೀಫನ್ಸ್. ನೀಲಗಿರಿ ಬೆಟ್ಟದ ಅತಿ ಹಳೇ ಚರ್ಚುಗಳಲ್ಲಿ ಒಂದು. ಹೊರಗಿಂದ ನೋಡಿದರೆ ಕೆನೆಬಣ್ಣಕ್ಕೂ ತೆಳು ಹಳದಿಗೂ ನಡುವಿನ ಸುಣ್ಣದ ಬಣ್ಣ. ಸಿನಿಮಾದಲ್ಲಿ ತೋರಿಸೋ ಚರ್ಚಿನ ಹಾಗೆ ಸೂಜಿಮೊನೆ ಗೋಪುರ ಇಲ್ಲ. ಚೌಕವಾದ ಗಿಡ್ಡ ಗೋಪುರ, ಅದರ ತಲೆ ಮೇಲೆ ಕೋಟೆ ಗೋಡೆಗೆ ಇರ್ತವಲ್ಲ, ಹಂಗೆ ಹಲ್ಲುಹಲ್ಲಾದ ತೆನೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಂಥ ಚೌಕ ಗೋಪುರದ ಚರ್ಚುಗಳು ಬೇಕಾದಷ್ಟಿವೆ. ಊರು ಬಿಟ್ಟು ಬಂದೋರು ಕಣ್ಣಿಗೆ ಕಟ್ಟಿದ್ದನ್ನೇ ಇಲ್ಲೂ ಕಟ್ಟಿಕೊಂಡರು. ದುಬೈಗೆ ಹೋದ ಮಕ್ಕಳು ಫ್ಲ್ಯಾಟಿನ ಬಾಗಿಲಿಗೆ ಮಾವಿನ ತೋರಣ ಕಟ್ಟೋದಿಲ್ವಾ, ಹಂಗೆ. ನೋಡಿದ ತಕ್ಷಣ ಮನೆ ಅನ್ನಿಸಬೇಕು, ಅಷ್ಟೇ ಆಸೆ. ಆದ್ರೆ ಆ ಇಂಗ್ಲಿಷ್ ಮುಖದ ಹಿಂದೆ ಇರೋ ಮರ ನಮ್ಮದು. ಈ ಚರ್ಚಿನ ವಿಶೇಷ ಇರೋದೇ ಅಲ್ಲಿ.

ಮೊದಲು ಇದು ಯಾವ ಥರದ ಚರ್ಚು ಅಂತ ವಸಿ ಹೇಳಿಬಿಡ್ತೀನಿ. ನಮಗೆ ಎಲ್ಲ ಚರ್ಚೂ ಒಂದೇ ಥರ ಕಾಣ್ತವೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ 1534ರಲ್ಲಿ ರೋಮಿನ ಪೋಪನ ಅಧಿಕಾರ ಕಿತ್ತುಹಾಕಿ, ತನ್ನ ದೇಶದ ಚರ್ಚಿಗೆ ತಾನೇ ಮೇಲು ಅಂದುಬಿಟ್ಟ. ಹಂಗೆ ಬೇರೆಯಾದದ್ದು ಆಂಗ್ಲಿಕನ್ ಪಂಥ. ಬಿಷಪ್ಪು ಇರ್ತಾರೆ, ಪೂಜೆಯ ಕ್ರಮ ಇರ್ತದೆ, ಪೋಪ್ ಇರೋದಿಲ್ಲ. ಪ್ಯಾರಿಷ್ ಅಂದ್ರೆ ಒಂದು ಚರ್ಚಿನ ಸರಹದ್ದು. ಆ ಸರಹದ್ದಿನ ಮನೆಗಳ ಕೂಸಿನ ದೀಕ್ಷಾಸ್ನಾನ, ಮದುವೆ, ಮಣ್ಣು ಮೂರನ್ನೂ ಅಲ್ಲಿನ ಪುಸ್ತಕದಲ್ಲಿ ಬರೆದಿಡ್ತಾರೆ. ನಾವು ಮಾದಪ್ಪನ ಒಕ್ಕಲು, ಅವರು ಚಾಮುಂಡಮ್ಮನ ಒಕ್ಕಲು ಅಂತೀವಲ್ಲ, ಹೆಚ್ಚು ಕಮ್ಮಿ ಆ ಥರ. ಹುಟ್ಟಿದ್ದೂ ಸತ್ತದ್ದೂ ಒಂದೇ ಕಡೆ ಲೆಕ್ಕ ಇರೋದ್ರಿಂದ ಇಂಥ ಚರ್ಚು ಒಂದು ಊರಿನ ನೆನಪಿನ ಪೆಟ್ಟಿಗೆಯೂ ಹೌದು.

ಈಗ ಪಟ್ಣಕ್ಕೆ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಣದ ಕೋಟೆ ಬಿತ್ತು, ಟಿಪ್ಪು ಸತ್ತ. ಅದು ನಮಗೆ ಶಾಲೆಯಿಂದ ಗೊತ್ತು. ಆಮೇಲೆ ಆಸ್ತಿ ಏನಾಯ್ತು ಅನ್ನೋದನ್ನ ಶಾಲೇಲಿ ಅಷ್ಟಾಗಿ ಹೇಳೋದಿಲ್ಲ. ಮೈಸೂರು ಸೀಮೆಯನ್ನ ಒಡೆಯರ ಮನೆತನಕ್ಕೆ ಕೊಟ್ಟರೂ, ಶ್ರೀರಂಗಪಟ್ಣದ ದ್ವೀಪವನ್ನ ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಲೇ ಇಟ್ಕೊಂಡ್ತು. ಕೊಯಮತ್ತೂರು ಸೀಮೆಯನ್ನೂ ಕಂಪನಿಯೇ ತಗೊಂಡ್ತು. ನೀಲಗಿರಿ ಬೆಟ್ಟ ಆ ಸೀಮೆಗೆ ಸೇರಿದ್ದು. ಅಂದ್ರೆ ನೋಡಿ, ಚರ್ಚು ಕಟ್ಟಿದ ಬೆಟ್ಟವೂ, ಅದಕ್ಕೆ ಹಾಕಿದ ಮರವೂ, ಎರಡೂ ಒಂದೇ ಯುದ್ಧದಲ್ಲಿ ಕೈಬದಲಾದವು.

ಕಂಪನಿಯ ಪಡೆ ಪಟ್ಣದಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಸುತ್ತಲೂ ಕಾವೇರಿ, ಗದ್ದೆ, ಸೊಳ್ಳೆ. ಜ್ವರ ಬಂದು ಬಿಳಿ ಸಿಪಾಯಿಗಳು ಸಾಲುಸಾಲಾಗಿ ಸತ್ತರು. ಹೊಳೆ ದಂಡೇಲಿ ಅವರ ಗ್ಯಾರಿಸನ್ ಸ್ಮಶಾನ ಈಗಲೂ ಇದೆ. ಅಲ್ಲಿ ಸಿಪಾಯಿಗಳ ಜೊತೆ ಅವರ ಹೆಂಡಿರು ಮಕ್ಕಳೂ ಮಲಗಿದ್ದಾರೆ. ಕೊನೆಗೆ 1809ರಲ್ಲಿ ದಂಡು ಬೆಂಗಳೂರಿಗೆ ಹೋಯ್ತು. ನಮ್ಮ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಿಂಗೆ. ಪಟ್ಣದ ದೊಡ್ಡ ದೊಡ್ಡ ಕಟ್ಟಡಗಳಿಗೆ ಇನ್ನು ಕೇಳೋರು ಇಲ್ಲದಂಗಾಯ್ತು.

ಅಂಥದ್ದರಲ್ಲಿ ಒಂದು ಲಾಲ್‌ಬಾಗ್ ಅರಮನೆ. ಬೆಂಗಳೂರಿನ ಲಾಲ್‌ಬಾಗ್ ಅಂದ್ಕೋಬೇಡಿ. ಗಂಜಾಂ ಕಡೆ ಗುಂಬಜ್ ಇದೆಯಲ್ಲ, ಹೈದರಾಲಿ, ಅವನ ಹೆಂಡತಿ, ಟಿಪ್ಪು ಮೂರೂ ಜನ ಮಲಗಿರೋ ಜಾಗ, ಆ ತೋಟದ ಹೆಸರೂ ಲಾಲ್‌ಬಾಗೇ. ಅಲ್ಲೇ ಆ ಅರಮನೆ ಇತ್ತು. ಅದು ಹೆಂಗಿತ್ತು ಅಂತ ಊಹೆ ಮಾಡ್ಕೋಬೇಕಾದ್ರೆ ಅದೇ ಕಾಲದ ದರಿಯಾ ದೌಲತ್ ನೋಡಬೇಕು. 1784ರಲ್ಲಿ ಕಟ್ಟಿಸಿದ ಬೇಸಿಗೆ ಮನೆ, ಬಹುಪಾಲು ತೇಗ. ಕಂಬ, ಬೋದಿಗೆ, ಮುಚ್ಚಿಗೆ ಎಲ್ಲ ಮರ, ಒಂದಿಂಚೂ ಬಿಡದೆ ಬಣ್ಣದ ಚಿತ್ರ. ದರಿಯಾ ದೌಲತ್ತಿನಲ್ಲಿ ಕರ್ನಲ್ ವೆಲ್ಲೆಸ್ಲಿ ವಾಸ ಮಾಡಿದ. ಅದೂ ಉಳೀತು. ಲಾಲ್‌ಬಾಗ್ ಅರಮನೆ ಉಳೀಲಿಲ್ಲ. ವಾಸ ಇಲ್ಲದ ಮನೆ ಹೆಂಗಾಗ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಅತ್ತ ಬೆಟ್ಟದ ಮ್ಯಾಲೆ ಬೇರೆ ಕಥೆ ಶುರುವಾಗಿತ್ತು. ಜಾನ್ ಸಲಿವನ್ ಅಂತ ಕೊಯಮತ್ತೂರಿನ ಕಲೆಕ್ಟರ್ ಸಾಹೇಬ 1819ರಲ್ಲಿ ನೀಲಗಿರಿ ಹತ್ತಿದ. ಮೊದಲು ಕೋತಗಿರಿ ಕಡೆ ಮನೆ ಮಾಡಿದ, ಆಮೇಲೆ ಊಟಿಗೆ ಬಂದ. ಅಲ್ಲಿ ಮೊದಲಿಂದ ಇದ್ದೋರು ತೋಡರು. ಅವರ ಹಟ್ಟಿಗೆ ಮಂಡು ಅಂತಾರೆ, ಉದಕಮಂಡಲದ ಬಾಲದಲ್ಲಿ ಇರೋದು ಆ ಮಾತೇ. ಸಲಿವನ್ ತೋಡರ ಕೈಯಿಂದ ಎಕರೆಗೆ ಒಂದು ರೂಪಾಯಿ ಹಾಗೆ ಜಮೀನು ತಗೊಂಡು ಕಲ್ಲಿನ ಮನೆ ಕಟ್ಟಿದ. ನಾವು ಬೋಟಿಂಗ್ ಹೋಗೋ ಕೆರೆ ಮಾಡಿಸಿದ್ದೂ ಅವನೇ. ಜ್ವರ ಬಿದ್ದ ಬಿಳಿಯರು ಚೇತರಿಸಿಕೊಳ್ಳೋಕೆ ತಂಪು ಜಾಗ ಬೇಕಿತ್ತು, ಊಟಿ ಬೆಳೆದದ್ದು ಆ ಕಾರಣಕ್ಕೇ. ನನಗೆ ಇದನ್ನ ಓದುವಾಗ ಅನ್ನಿಸಿದ್ದು ಇಷ್ಟು: ಪಟ್ಣವನ್ನ ಖಾಲಿ ಮಾಡಿಸಿದ್ದೂ ಜ್ವರ, ಊಟಿಯನ್ನ ಕಟ್ಟಿಸಿದ್ದೂ ಜ್ವರ. ಕೆಳಗಿನ ಮನೆ ಮರ ಮೇಲಿನ ಮನೆಗೆ ಹೋಗೋಕೆ ದಾರಿ ಆಗಲೇ ಸಿದ್ಧವಾಗಿತ್ತು.

ಜನ ಬಂದು ನೆಲೆಸಿದ ಮೇಲೆ ಚರ್ಚು ಬೇಕಲ್ಲ. ಮದ್ರಾಸಿನ ಗವರ್ನರ್ ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್ನಿಗೆ ಊಟಿ ಅಂದ್ರೆ ಬಹಳ ಆಸ್ಥೆ. 1829ರ ಏಪ್ರಿಲ್ 23ರಂದು ಅವನೇ ಅಡಿಗಲ್ಲು ಹಾಕಿದ. ಅವತ್ತು ರಾಜ ನಾಲ್ಕನೇ ಜಾರ್ಜನ ಹುಟ್ಟುಹಬ್ಬ ಆಚರಿಸೋ ದಿನ. ಕ್ರೈಸ್ತರಲ್ಲಿ ನಂಬಿಕೆಗೋಸ್ಕರ ಮೊದಲು ಪ್ರಾಣ ಕೊಟ್ಟ ಸಂತ ಸ್ಟೀಫನ್ನನ ಹೆಸರು ಚರ್ಚಿಗೆ ಬಂತು. ಗವರ್ನರ್ ಹೆಸರೂ ಸ್ಟೀಫನ್ನೇ ಆಗಿತ್ತು ಅನ್ನೋದನ್ನ ನೀವೇ ಗಮನಿಸಿದೀರಿ. ದೇವಸ್ಥಾನ ಕಟ್ಟಿಸಿದೋರ ಹೆಸರು ದೇವರ ಹೆಸರಿಗೆ ಅಂಟಿಕೊಳ್ಳೋದು ನಮ್ಮಲ್ಲೂ ಉಂಟು.

ನಕ್ಷೆ ಮಾಡಿದ್ದು ಕ್ಯಾಪ್ಟನ್ ಜಾನ್ ಜೇಮ್ಸ್ ಅಂಡರ್‌ವುಡ್, ಮದ್ರಾಸ್ ಪಡೆಯ ಎಂಜಿನಿಯರು. ಖರ್ಚು ಬಂದದ್ದು 24,000 ರೂಪಾಯಿ. ಆಗ ಮದ್ರಾಸಿಗೆ ಬಿಷಪ್ಪೇ ಇರಲಿಲ್ಲ, 1835ಕ್ಕೆ ಮೊದಲು ಎಲ್ಲದಕ್ಕೂ ಕಲ್ಕತ್ತೆಯ ಬಿಷಪ್ಪೇ ಬರಬೇಕು. ಕಲ್ಕತ್ತೆಯ ಬಿಷಪ್ ಜಾನ್ ಮಥಾಯಸ್ ಟರ್ನರ್ 1830ರ ನವೆಂಬರ್ 5ರಂದು ಪ್ರತಿಷ್ಠೆ ಮಾಡಿದರು. ಸಾರ್ವಜನಿಕರಿಗೆ ಬಾಗಿಲು ತೆಗೆದದ್ದು 1831ರ ಏಪ್ರಿಲ್ 3ರಂದು, ಈಸ್ಟರ್ ಭಾನುವಾರ. ಅಡಿಗಲ್ಲಿನಿಂದ ಬಾಗಿಲು ತೆಗೆಯೋತನಕ ಎರಡು ವರ್ಷಕ್ಕೆ ಇಪ್ಪತ್ತು ದಿನ ಕಮ್ಮಿ. ಈಗ ಒಂದು ಮನೆ ಗೃಹಪ್ರವೇಶಕ್ಕೂ ಅಷ್ಟೇ ಹೊತ್ತು ಹಿಡೀತದೆ.

ಇನ್ನು ಮರದ ವಿಷಯ. ಕಲ್ಲು, ಮಣ್ಣು, ಸುಣ್ಣ ಹೆಂಗೋ ಹೊಂದಿಸಬಹುದು, ದೊಡ್ಡ ತೊಲೆ ಎಲ್ಲಿಂದ ತರೋದು? ಊಟಿ ಇರೋದು ಸುಮಾರು 2,240 ಮೀಟರ್ ಎತ್ತರದಲ್ಲಿ, ಏಳು ಸಾವಿರ ಅಡಿಗೂ ಮೇಲೆ. ಅಷ್ಟು ಚಳೀಲಿ ತೇಗ ಬೆಳೆಯೋದಿಲ್ಲ. ಅಲ್ಲಿನ ಶೋಲಾ ಕಾಡಿನ ಮರಗಳು ಗಿಡ್ಡ, ಡೊಂಕು, ಗಂಟುಗಂಟು. ಈಗ ಊಟಿ ತುಂಬ ಕಾಣೋ ನೀಲಗಿರಿ ಮರ ಆಮೇಲೆ ಆಸ್ಟ್ರೇಲಿಯಾದಿಂದ ಬಂದದ್ದು. ಅಗಲವಾದ ಮಾಡು ನಿಲ್ಲಬೇಕಾದ್ರೆ ಉದ್ದುದ್ದ, ನೆಟ್ಟನೆ, ಒಣಗಿ ಪಳಗಿದ ಮರ ಬೇಕು. ಹಸಿ ಮರ ಹಾಕಿದ್ರೆ ಒಣಗ್ತಾ ಒಣಗ್ತಾ ಬಾಗ್ತದೆ, ಸೀಳ್ತದೆ. ತೇಗದಲ್ಲಿ ಎಣ್ಣೆ ಅಂಶ ಇರೋದ್ರಿಂದ ಗೆದ್ದಲು ಸುಲಭಕ್ಕೆ ಹತ್ತೋದಿಲ್ಲ. ಹಳೇ ಮನೆ ತೇಗ ಅಂದ್ರೆ ಬಡಗಿಗಳು ಈಗಲೂ ಕಣ್ಣರಳಿಸೋದು ಯಾಕೆ ಹೇಳಿ? ಅದು ಬಾಗೋದಿದ್ರೆ ಯಾವಾಗಲೋ ಬಾಗಿ ಮುಗಿದಿರ್ತದೆ.

ಅಂಥ ಮರ ಕಂಪನಿಯ ಕೈಲಿ ಧರ್ಮಕ್ಕೆ ಬಿದ್ದಿತ್ತು, ಪಟ್ಣದಲ್ಲಿ. ಲಾಲ್‌ಬಾಗ್ ಅರಮನೆಯ ಮರ ಇಳಿಸಿದರು. ದೊಡ್ಡ ತೊಲೆ, ಮಿಕ್ಕ ಮರಮುಟ್ಟು ಎಲ್ಲ ಬೆಟ್ಟಕ್ಕೆ ಸಾಗಿಸಿದರು. ಆನೆಗಳ ಕೈಲಿ ಎಳೆಸಿ ಘಾಟಿ ಹತ್ತಿಸಿದರು ಅಂತ ಚರ್ಚಿನ ಕಥೆ ಹೇಳೋರೆಲ್ಲ ಹೇಳ್ತಾರೆ. ಈಗ ನಾವು ಗುಂಡ್ಲುಪೇಟೆ, ಬಂಡೀಪುರ ದಾಟಿ ಮಸಿನಗುಡಿ ಮೇಲೆ ಕಲ್ಹಟ್ಟಿ ಘಾಟಿ ಹತ್ತೋವಾಗ ಮೂವತ್ತಾರು ತಿರುವಿಗೂ ಒಬ್ಬರಲ್ಲ ಒಬ್ಬರು ನಿಂಬೆಹಣ್ಣು ಮೂಸ್ತಾ ಕೂತಿರ್ತೀವಿ. ಡಾಂಬರು ಇಲ್ಲದ ಕಾಲದಲ್ಲಿ ಅರಮನೆ ತೊಲೆ ಕಟ್ಟಿಕೊಂಡ ಆನೆ ಬೆಟ್ಟ ಏರಿದ್ದನ್ನ ನೆನೆಸ್ಕೊಳ್ಳಿ. ಆ ಆನೆಗಳನ್ನ ನಡೆಸಿದ ಮಾವುತರು, ಮರ ಇಳಿಸಿದ ಬಡಗಿಗಳು, ಗಾರೆ ಅರೆದ ಹೆಂಗಸರು, ಇವರ ಹೆಸರು ಯಾವ ಗೋಡೆ ಮೇಲೂ ಇಲ್ಲ. ಗವರ್ನರ್, ಬಿಷಪ್ಪು, ಕ್ಯಾಪ್ಟನ್ ಮೂರು ಹೆಸರು ನಾನೇ ಮೇಲೆ ಬರೆದೆನಲ್ಲ, ಸಿಕ್ಕೋದೇ ಅವು.

ಒಳಗೆ ಹೋದ್ರೆ ಕಣ್ಣು ಮೊದಲು ಹೋಗೋದು ಬಣ್ಣದ ಗಾಜಿಗೆ. ಏಸುವನ್ನ ಶಿಲುಬೆಗೇರಿಸಿದ ಚಿತ್ರ, ಕೂಸನ್ನ ಎತ್ಕೊಂಡ ಮರಿಯಮ್ಮನ ಚಿತ್ರ. ಗೋಡೆ ಮೇಲೆ ಕೊನೆಯ ಭೋಜನದ ದೊಡ್ಡ ವರ್ಣಚಿತ್ರವೂ ಉಂಟು. ಬಣ್ಣದ ಗಾಜು ಅಂದ್ರೆ ಮೇಲೆ ಬಳಿದ ಬಣ್ಣ ಮಾತ್ರ ಅಂದ್ಕೋಬೇಡಿ. ಗಾಜು ಕರಗಿಸೋವಾಗಲೇ ಲೋಹದ ಪುಡಿ ಸೇರಿಸ್ತಾರೆ: ಕೋಬಾಲ್ಟ್ ಹಾಕಿದ್ರೆ ನೀಲಿ, ತಾಮ್ರವೋ ಚಿನ್ನವೋ ಹಾಕಿದ್ರೆ ಕೆಂಪು. ಆಮೇಲೆ ಚೂರುಚೂರು ಕತ್ತರಿಸಿ, ಮುಖ ಕೈ ಬಟ್ಟೆ ಮಡಿಕೆಗಳ ಗೆರೆ ಬರೆದು ಸುಟ್ಟು, ಸೀಸದ ಪಟ್ಟಿಯಿಂದ ಕೌದಿ ಹೊಲಿದಂಗೆ ಜೋಡಿಸ್ತಾರೆ. ಓದು ಬಾರದೋರಿಗೆ ಕಥೆ ಹೇಳೋಕೆ ಯುರೋಪಿನ ಹಳೇ ಚರ್ಚುಗಳು ಕಂಡುಕೊಂಡ ದಾರಿ ಇದು. ನಮ್ಮ ಗುಡಿ ಗೋಡೆಗಳ ರಾಮಾಯಣದ ಪಟ್ಟಿಕೆಗಳೂ ಅದೇ ಕೆಲಸ ಮಾಡಿದವು.

ಅಲ್ಲಿಂದ ಕತ್ತೆತ್ತಿದ್ರೆ ಮರ. ಚಿತ್ರ ಇಲ್ಲ, ದರಿಯಾ ದೌಲತ್ತಿನ ಹಾಗೆ ಹೂಬಳ್ಳಿ ಇಲ್ಲ. ಮಂಕು ಬಣ್ಣದ, ಭಾರವಾದ ತೇಗ. ಬಣ್ಣದ ಗಾಜು, ದೊಡ್ಡ ಚಿತ್ರ, ಹಳದಿ ಗೋಪುರ ಎಲ್ಲ ತಮ್ಮನ್ನ ನೋಡಿ ಅಂತ ಕರೀತವೆ. ತೊಲೆ ಕರೆಯೋದಿಲ್ಲ. ಆದ್ರೆ ಭಾರ ಹೊತ್ತಿರೋದು ಅದೇ. ಮನೆ ನಡೆಸೋ ಹೆಂಗಸರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಚರ್ಚಿನ ಹಿಂದೆ ಇಳಿಜಾರಿನಲ್ಲಿ ಸಮಾಧಿಗಳಿವೆ. ಸಲಿವನ್ ಸಾಹೇಬನ ಹೆಂಡತಿ ಹೆನ್ರಿಯೆಟ್ಟಾ ಸಿಸಿಲಿಯಾ, ಮಗಳು ಹ್ಯಾರಿಯೆಟ್ ಇಬ್ಬರೂ ಅಲ್ಲೇ ಇದ್ದಾರೆ. ನೀಲಗಿರಿಗೆ ಹತ್ತಿದ ಮೊದಲ ಬಿಳಿ ಹೆಂಗಸು ಹೆನ್ರಿಯೆಟ್ಟಾ ಅಂತ ಹೇಳ್ತಾರೆ. ರಸ್ತೆ ಸರಿಯಿಲ್ಲದ ಬೆಟ್ಟದಲ್ಲಿ ಸಂಸಾರ ಹೂಡಿ, ಮಕ್ಕಳನ್ನ ಸಾಕಿ, 1838ರಲ್ಲಿ ತೀರಿಕೊಂಡಳು. ಅದೇ ವರ್ಷ ಮಗಳೂ ಹೋದಳು. ಸಲಿವನ್ ಕೆಲಸ ಬಿಟ್ಟು, ಉಳಿದ ಮಕ್ಕಳನ್ನ ಕರ್ಕೊಂಡು 1841ರಲ್ಲಿ ಇಂಗ್ಲೆಂಡಿಗೆ ಹೊರಟುಹೋದ. 1855ರಲ್ಲಿ ಸತ್ತು ಅಲ್ಲೇ ಮಣ್ಣಾದ. ಊಟಿ ಕಟ್ಟಿದೋನು ಅಂತ ಹೆಸರು ಉಳಿದದ್ದು ಅವನದು, ಊಟಿ ಮಣ್ಣಲ್ಲಿ ಉಳಿದದ್ದು ತಾಯಿ ಮಗಳು. ತಂಪು ಗಾಳಿಗೆ ರೋಗ ವಾಸಿ ಅಂತ ಕಟ್ಟಿದ ಊರು ಅವರಿಬ್ಬರನ್ನ ಉಳಿಸಲಿಲ್ಲ.

ಅವರ ಮೇಲೆ ಸಿಟ್ಟು ಬರಬೇಕಾ, ಅಯ್ಯೋ ಅನ್ನಬೇಕಾ? ನನಗೆ ಎರಡೂ ಬರ್ತದೆ. ಗೆದ್ದ ಮನೆಯ ತೊಲೆ ಕಿತ್ತು ತಂದು ತಮ್ಮ ದೇವರಿಗೆ ಮಾಡು ಹಾಕ್ಕೊಂಡದ್ದು ಗೆದ್ದೋರ ದರ್ಪವೇ. ತೋಡರ ನೆಲ ಎಕರೆಗೆ ರೂಪಾಯಿ ಕೊಟ್ಟು ತಗೊಂಡದ್ದೂ ಅದೇ. ಹಂಗಂತ ಆ ಮಾಡಿನ ಕೆಳಗೆ ಸತ್ತ ಮಕ್ಕಳಿಗಾಗಿ ಅತ್ತ ತಾಯಂದಿರ ಅಳು ಸುಳ್ಳಾಗೋದಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದ್ರೇ ಚರಿತ್ರೆ ಪೂರ್ತಿ ಆಗೋದು. ಒಂದೇ ಹೇಳಿದ್ರೆ ಗೈಡ್ ಮಾತು.

ಮುಂದಿನ ಕಥೆ ಇನ್ನೂ ಒಂದಿದೆ. ಸ್ವಾತಂತ್ರ್ಯ ಬಂದು ಆರು ವಾರ ಕಳೆದ ಮೇಲೆ, 1947ರ ಸೆಪ್ಟೆಂಬರ್ 27ರಂದು, ದಕ್ಷಿಣ ಭಾರತದ ಆಂಗ್ಲಿಕನ್, ಮೆಥಡಿಸ್ಟ್ ಮತ್ತೆ ಬೇರೆ ಕೆಲವು ಪಂಥದೋರು ಮದ್ರಾಸಿನಲ್ಲಿ ಕೂಡಿ ಒಂದೇ ಚರ್ಚಾದರು. ಅದೇ ಸಿಎಸ್ಐ, ಚರ್ಚ್ ಆಫ್ ಸೌತ್ ಇಂಡಿಯಾ. ಮೈಸೂರು, ಬೆಂಗಳೂರಲ್ಲಿ ಸಿಎಸ್ಐ ಅಂತ ಬೋರ್ಡು ನೋಡಿರ್ತೀರಿ. ಸೇಂಟ್ ಸ್ಟೀಫನ್ಸೂ ಅದಕ್ಕೆ ಸೇರ್ತು. ಕಂಪನಿ ಸಾಹೇಬರಿಗೆ ಅಂತ ಕಟ್ಟಿದ ಚರ್ಚಿನ ಬೆಂಚುಗಳಲ್ಲಿ ಈಗ ಅಲ್ಲಿನ ಊರಿನ ಜನ ಕೂತು ಪ್ರಾರ್ಥನೆ ಮಾಡ್ತಾರೆ. ಮುಖ ಇಂಗ್ಲಿಷಿನದೇ ಉಳೀತು, ಒಕ್ಕಲು ಬದಲಾಯ್ತು.

ತೊಲೆ ವಾಪಸ್ ಕೊಡಿ ಅಂತ ಕೇಳಬೇಕು ಅನ್ನೋರೂ ಇರಬಹುದು. ನನಗೆ ಹಂಗೆ ಅನ್ನಿಸೋದಿಲ್ಲ. ಇಳಿಸಿ ತಂದ್ರೆ ಹಾಕೋಕೆ ಇಲ್ಲಿ ಅರಮನೆ ಇಲ್ಲ, ಅಲ್ಲಿ ಮಾಡೂ ಇರೋದಿಲ್ಲ. ಸುಮಾರು ಇನ್ನೂರು ವರ್ಷದಿಂದ ಮಳೆಗಾಲ ಮಳೆಗಾಲಕ್ಕೂ ಜೋಪಾನ ಮಾಡ್ಕೊಂಡು ಬಂದೋರು ಅಲ್ಲಿನೋರು. ಲಾಲ್‌ಬಾಗ್ ಅರಮನೆಯ ಮರ ಇವತ್ತು ನಮ್ಮ ಕಣ್ಣಿಗೆ ಕಾಣ್ತಿದ್ರೆ ಅದು ಆ ಮಾಡಿನಿಂದಲೇ. ನಾನು ಕೇಳೋದು ಕಥೆ ಮಾತ್ರ. ಗುಂಬಜ್ ನೋಡೋಕೆ ಬಂದ ಮಕ್ಕಳಿಗೆ, ಇಲ್ಲೊಂದು ಅರಮನೆ ಇತ್ತು, ಅದರ ತೊಲೆ ಊಟಿಯಲ್ಲಿದೆ ಅಂತ ನಾವೇ ಹೇಳಬೇಕು. ಬೇರೆ ಯಾರು ಹೇಳ್ತಾರೆ?

ಮುಂದಿನ ಸಲ ಊಟಿಗೆ ಹೋದಾಗ ಮೈಸೂರು ರಸ್ತೇಲಿ ಹತ್ತು ನಿಮಿಷ ಗಾಡಿ ನಿಲ್ಲಿಸಿ. ಪ್ರಾರ್ಥನೆ ನಡೀತಿದ್ರೆ ಮುಗಿಯೋತನಕ ಹೊರಗೆ ಕಾಯಿರಿ, ಫೋನ್ ಚೀಲದಲ್ಲಿ ಇರಲಿ. ಒಳಗೆ ಹೋಗಿ ಮೊದಲು ಮೇಲೆ ನೋಡಿ, ಆಮೇಲೆ ಗಾಜು. ಹಿಂದೆ ಹೋಗಿ ತಾಯಿ ಮಗಳ ಹತ್ತಿರ ಒಂದು ಗಳಿಗೆ ನಿಲ್ಲಿ.

ಇನ್ನೊಂದು ಮಾತು, ಹಳೇ ಮನೆ ಕೆಡವೋ ಯೋಚನೆಯಲ್ಲಿ ಇರೋ ಅಕ್ಕದೀರಿಗೆ. ಮರ ಮಾರೋದು ಬ್ಯಾಡ ಅಂತ ನಾನು ಹೇಳೋದಿಲ್ಲ, ದುಡ್ಡಿನ ಕಷ್ಟ ಎಲ್ಲರಿಗೂ ಉಂಟು. ಕೊಡೋ ಮೊದಲು ಕಂಬ, ಬಾಗಿಲುವಾಡ ಎಲ್ಲದರದ್ದೂ ಒಂದೊಂದು ಫೋಟೋ ತೆಗೆದು, ಯಾರ ಕಾಲದ್ದು, ಎಲ್ಲಿಂದ ಬಂತು, ಯಾರಿಗೆ ಕೊಟ್ಟಿರಿ ಅಂತ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ಉಳಿಸಿಕೊಳ್ಳೋ ತೊಲೆ ಇದ್ರೆ ಅದರ ಮೇಲ್ಬದಿಯಲ್ಲಿ, ಕಾಣದ ಕಡೆ, ಬಣ್ಣದಲ್ಲಿ ಇಸವಿ ಬರೆಸಿ. ಬಡಗಿಯ ಹೆಸರೂ ಬರೆಸಿ.